ಕೀಲೆಣ್ಣೆಯಿಂದ ವಿದ್ಯುತ್ ಕ್ಷೇತ್ರದವರೆಗೆ: ಘರ್ಷಣೆ ನಿಯಂತ್ರಣದ ಚಾರಿತ್ರಿಕ ಹಿನ್ನೆಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಭೂಮಿಯ ಕೃಷಿಚರಿತ್ರೆಯಲ್ಲಿ ಚಕ್ಕಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆಗೂ ಸ್ಥಾನವಿದೆ. ಎಣ್ಣೆ ಆರಿದರೆ ಅಚ್ಚು ಸವೆಯುತ್ತಿತ್ತು, ಎತ್ತುಗಳ ಶ್ರಮ ಹೆಚ್ಚುತ್ತಿತ್ತು. ಆದುದರಿಂದ ಘರ್ಷಣೆಯ ಚರಿತ್ರೆಯನ್ನು ಕೇವಲ ಪ್ರಯೋಗಶಾಲೆಯಿಂದ ಆರಂಭಿಸುವುದು ಅಪೂರ್ಣವೆನಿಸುತ್ತದೆ.

ಸಸ್ಯಜನ್ಯ ಎಣ್ಣೆಯ ಮೇದಾಮ್ಲಗಳ ಅಣುಗಳು ಒಂದು ತುದಿಯಿಂದ ಲೋಹವನ್ನು ಹಿಡಿದು, ಇನ್ನೊಂದು ತುದಿಯನ್ನು ಹೊರಚಾಚಿ ನಿಲ್ಲುತ್ತವೆ. ಲೋಹಕ್ಕಂಟಿದ ಇಂತಹ ತೆಳುಪದರವೇ ಘರ್ಷಣೆಯನ್ನು ನಿರ್ಧರಿಸಬಲ್ಲದೆಂಬ ವಿಚಾರವನ್ನು ಇಂಗ್ಲೆಂಡಿನ ವಿಲಿಯಂ ಹಾರ್ಡಿಯವರು 1922ರಲ್ಲಿ ಪ್ರತಿಪಾದಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಸಂಜಯ್ ಬಿಸ್ವಾಸ್ ಅವರು ತಾವಾಗಿಯೇ ಜೋಡಣೆಗೊಳ್ಳುವ ಏಕಾಣು ಪದರಗಳ ಘರ್ಷಣೆಯನ್ನು ಅಭ್ಯಸಿಸಿದುದು ಈ ಪರಂಪರೆಯ ಮಹತ್ವದ ಘಟ್ಟ.

ವಿದ್ಯುತ್ತಿನಿಂದ ಘರ್ಷಣೆಯನ್ನು ಬದಲಿಸುವ ಯತ್ನವೂ ಹಳೆಯದೇ. ರಾಸಾಯನಿಕದಲ್ಲಿ ತೋಯ್ದ ಕಾಗದದ ಮೇಲೆ ಜಾರುವ ಲೋಹದ ಮೊನೆಗೆ ವಿದ್ಯುತ್ ಹರಿದಾಗ ಘರ್ಷಣೆ ಕುಗ್ಗುವುದನ್ನು ಎಡಿಸನ್ 1874ರಲ್ಲಿ ಗುರುತಿಸಿದರು; 1879ರಲ್ಲಿ ಅದೇ ತತ್ತ್ವವನ್ನು ದೂರವಾಣಿಗೆ ಅಳವಡಿಸಿದರು. 2012ರಲ್ಲಿ ಆಸ್ಟ್ರೇಲಿಯದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಸಹೋದ್ಯೋಗಿಗಳೊಡನೆ, ಅಯಾನಿಕ ದ್ರವದಲ್ಲಿರುವ ಚಿನ್ನದ ಮೇಲ್ಮೈಯ ವಿಭವವನ್ನು ಬದಲಿಸಿ ಘರ್ಷಣೆಯನ್ನು ಹೆಚ್ಚುಕಡಿಮೆ ಮಾಡಿ ತೋರಿಸಿದರು. ಋಣ ವಿಭವದಲ್ಲಿ ಧನ ಅಯಾನುಗಳು, ಧನ ವಿಭವದಲ್ಲಿ ಋಣ ಅಯಾನುಗಳು ಮೇಲ್ಮೈಯಲ್ಲಿ ದಟ್ಟೈಸುವುದೇ ಇದಕ್ಕೆ ಕಾರಣ.

ಒಮ್ಮೆ ಹಾಕಿದ ಕೀಲೆಣ್ಣೆಯ ಗುಣವನ್ನು ಚಕ್ಕಡಿ ಸಾಗುತ್ತಿರುವಾಗ ರೈತ ಬದಲಿಸಲಾರ. ಯಂತ್ರ ಚಲಿಸುತ್ತಿರುವಾಗಲೇ ಪದರವನ್ನು ಮಾರ್ಪಡಿಸುವ ಸಾಧ್ಯತೆಯೇ ವಿದ್ಯುತ್ ಕ್ಷೇತ್ರದ ಕೊಡುಗೆ. ಆದರೆ ಸವೆತವನ್ನು ತಡೆಯುವ ಅಣುಪದರದ ಅನುಭವಜನ್ಯ ಬಳಕೆ ಹಳ್ಳಿಯ ಅಚ್ಚಿನಲ್ಲಿ ಮೊದಲೇ ಇತ್ತೆಂಬುದನ್ನು ತಂತ್ರಜ್ಞಾನದ ಚರಿತ್ರೆ ದಾಖಲಿಸಬೇಕಾಗಿದೆ.