ಫಿರೋಝಾಬಾದ್: ಕಾಗದದ ಮೇಲೆ ಉಳಿದ ನಗರ

ವಾಡಿ ಜಂಕ್ಷನ್ನಿನಿಂದ ಶಹಾಬಾದ್ ಮಾರ್ಗವಾಗಿ ಕಲಬುರಗಿಗೆ ಹೋಗುವ ರೈಲಿನಲ್ಲಿ ನಮ್ಮ ಜನರು ದಿನವೂ ಪ್ರಯಾಣಿಸುತ್ತಾರೆ. ಆ ಹಳಿಯಿಂದ ಪಡುವಣಕ್ಕೆ, ಹೆಚ್ಚು ದೂರವಿಲ್ಲದ ಭೀಮಾ ನದಿಯ ದಂಡೆಯಲ್ಲಿ, ಸುಲ್ತಾನನೊಬ್ಬ ಕಟ್ಟಿಸಿದ ಇಡೀ ನಗರವೊಂದು ಪಾಳುಬಿದ್ದಿದೆ ಎಂಬುದನ್ನು ಬಲ್ಲವರು ವಿರಳ. ಅದರ ಹೆಸರು ಫಿರೋಝಾಬಾದ್. ಬಹಮನಿ ಸುಲ್ತಾನ ತಾಜುದ್ದೀನ್ ಫಿರೋಝ್ ಷಾ (ಆಳ್ವಿಕೆ 1397-1422) ಸುಮಾರು 1400ರ ಹೊತ್ತಿಗೆ ಅದನ್ನು ಕಟ್ಟಿಸಿದನು. ಮೂರು ದಿಕ್ಕಿಗೆ ಕೋಟೆಯ ಗೋಡೆ, ನಾಲ್ಕನೆಯ ದಿಕ್ಕಿಗೆ ನದಿ. ನಡುವೆ ವಿಶಾಲವಾದ ಜಾಮಿಯಾ ಮಸೀದಿ, ಅದರಾಚೆ ಅರಮನೆಯ ಆವರಣ, ಗುಮ್ಮಟ ಹಾಗೂ ಕಮಾನು ಛಾವಣಿಗಳುಳ್ಳ ಹಮಾಮುಗಳು. ಫಿರೋಝ್ ಷಾನ ನಂತರ ಪಟ್ಟವೇರಿದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದನು. ನದಿತೀರದ ಈ ನಗರವು ಮತ್ತೆಂದೂ ತನ್ನ ಹಿಂದಿನ ಸ್ಥಿತಿಗೆ ಬರಲಿಲ್ಲ.

ಈ ನಗರವನ್ನು ಇಂದು ನಾವು ಅರಿಯುವುದು ಬಹುಮಟ್ಟಿಗೆ ಕಾಗದದ ಮೂಲಕ. ಇತಿಹಾಸಕಾರ ರಿಚರ್ಡ್ ಈಟನ್ ಮತ್ತು ವಾಸ್ತುಶಿಲ್ಪ ವಿದ್ವಾಂಸ ಜಾರ್ಜ್ ಮಿಚೆಲ್ ಇಲ್ಲಿನ ಗೋಡೆ, ಬಾಗಿಲು, ಹಮಾಮುಗಳನ್ನು ದಾಖಲಿಸಿ, ನಕ್ಷೆ ಮತ್ತು ಛಾಯಾಚಿತ್ರಗಳೊಡನೆ ಒಂದು ಗ್ರಂಥವನ್ನು ಹೊರತಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯವು ಅದನ್ನು ಪ್ರಕಟಿಸಿತು. ಮುಳ್ಳುಕಂಟಿಯ ನಡುವೆ ಬಿಡಿಬಿಡಿಯಾಗಿ ನಿಂತ ಗೋಡೆಗಳು ಆ ನಕ್ಷೆಯ ಹಾಳೆಯಲ್ಲಿ ಒಂದಕ್ಕೊಂದು ಕೂಡಿಕೊಂಡು ಬೀದಿಯೂ ಅಂಗಳವೂ ಆಗುತ್ತವೆ. ಸ್ಥಳಕ್ಕೆ ಹೋಗಿ ನಿಂತವನಿಗೂ ಕಾಣದ್ದು ಹಾಳೆಯ ಮೇಲೆ ಕಾಣುತ್ತದೆ. ಇದು ವಿಚಿತ್ರವೆನಿಸಿದರೂ ನಿಜ.

ಹೊಗಳಿಕೆಯ ಬರಹಕ್ಕೂ ಅಳತೆಯ ನಕ್ಷೆಗೂ ಇರುವ ಅಂತರವನ್ನು ತಿಳಿಯಲು ಸೇಡಂ ತಾಲ್ಲೂಕಿನ ಮಳಖೇಡವನ್ನು ನೋಡಬೇಕು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಹತ್ತನೆಯ ಶತಮಾನದ ಅರಬ್ ಇತಿಹಾಸಕಾರ ಅಲ್ ಮಸ್‌ಊದಿ ಇದನ್ನು 'ಮಾಂಕೀರ್' ಎಂದೂ ಇಲ್ಲಿನ ಅರಸನನ್ನು 'ಬಲ್ಹರಾ' ಎಂದೂ ಕರೆದಿದ್ದಾನೆ. ಬಲ್ಹರಾನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವ ಹಾಗೂ ರಕ್ಷಣೆಯಿತ್ತು, ಮಸೀದಿಗಳಿದ್ದವು ಎಂದು ಬರೆದಿದ್ದಾನೆ. ನಮ್ಮ ಮಕ್ಕಳಿಗೆ ಹೇಳಿಕೊಡಲೇಬೇಕಾದ ಸಂಗತಿಯಿದು. ಆದರೆ ಮಾನ್ಯಖೇಟದ ಬಾಗಿಲು ಯಾವ ದಿಕ್ಕಿಗಿತ್ತು, ಪೇಟೆ ಎಲ್ಲಿತ್ತು ಎಂಬುದಕ್ಕೆ ಆ ಮಾತುಗಳಿಂದ ಉತ್ತರ ದೊರೆಯದು. ಮಾತು ಕೀರ್ತಿಯನ್ನು ಉಳಿಸುತ್ತದೆ, ಅಳತೆ ಜಾಗವನ್ನು ಉಳಿಸುತ್ತದೆ.

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಭಾಗ್ಯ ಬೇರೆ. ಹಿಜರಿ 769ರಲ್ಲಿ, ಎಂದರೆ ಕ್ರಿ.ಶ. 1367ರಲ್ಲಿ, ಕಝ್ವೀನ್ ಮೂಲದ ರಫೀ ಎಂಬಾತ ಇದನ್ನು ಕಟ್ಟಿದನೆಂದು ಅಲ್ಲಿನ ಶಾಸನ ತಿಳಿಸುತ್ತದೆ. ಜೇಮ್ಸ್ ಫರ್ಗ್ಯುಸನ್ 1876ರ ತನ್ನ ಗ್ರಂಥದಲ್ಲಿ ಇದರ ತಳವಿನ್ಯಾಸವನ್ನು ಮುದ್ರಿಸಿ, 216 ಅಡಿಗೆ 176 ಅಡಿ ಎಂಬ ಅಳತೆಯನ್ನೂ ಕೊಟ್ಟನು. ಸಾಮಾನ್ಯವಾಗಿ ಇಂತಹ ದೊಡ್ಡ ಮಸೀದಿಗಳ ನಡುವೆ ತೆರೆದ ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ. ಸುಮಾರು 38 ಸಾವಿರ ಚದರಡಿಯೂ ಛಾವಣಿಯ ಅಡಿಯಲ್ಲಿದೆ. ಹೊರಗೆ ನಿಂತು ನೋಡಿದವರಿಗೆ ಗುಮ್ಮಟಗಳ ಸಾಲು ಕಾಣುತ್ತದೆ. ಕಟ್ಟಡವನ್ನು ನಡುವೆ ಸೀಳಿ ತೋರಿಸಿದಂತಹ ಛೇದಚಿತ್ರವನ್ನು ನೋಡಿದವರಿಗೆ ಮಾತ್ರ, ಅಂಚಿನ ಸಾಲಿನ ಕಮಾನುಗಳು ಎಷ್ಟು ಅಗಲವಾಗಿ, ಎಷ್ಟು ತಗ್ಗಿನಿಂದ ಎದ್ದಿವೆ, ಮಿಹ್ರಾಬಿನ ಮುಂದಿನ ಹಿರಿಗುಮ್ಮಟದ ಭಾರ ಯಾವ ಕಂಬಗಳ ಮೇಲೆ ಇಳಿಯುತ್ತದೆ ಎಂಬುದು ತಿಳಿಯುತ್ತದೆ. ನಾಳೆ ಒಂದು ಕಮಾನು ಬಿರುಕುಬಿಟ್ಟರೆ ದುರಸ್ತಿಗೆ ಬರುವ ಮೇಸ್ತ್ರಿಗೆ ಬೇಕಾಗುವುದು ಈ ಚಿತ್ರವೇ. ಬಣ್ಣ ಬಳಿದ ಪೋಸ್ಟರಿನಿಂದ ಆತನಿಗೆ ಪ್ರಯೋಜನವಿಲ್ಲ.

ಛಾಯಾಚಿತ್ರಗಳ ಕಥೆ ಹೈದರಾಬಾದಿನೊಂದಿಗೆ ಬೆಸೆದಿದೆ. ವಾಡಿಯಿಂದ ಹೈದರಾಬಾದಿಗೆ ನಿಝಾಮರ ರೈಲು 1874ರಲ್ಲಿ ಓಡತೊಡಗಿತು. ಆರನೆಯ ನಿಝಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದ ರಾಜಾ ದೀನ್ ದಯಾಳ್ (1844-1905) ಸಂಸ್ಥಾನದ ಸ್ಮಾರಕಗಳನ್ನು ಸೆರೆಹಿಡಿದರು. ಕಲಬುರಗಿಯ ಬಹಮನಿ ಗೋರಿಗಳ ಚಿತ್ರಗಳೂ ಅವುಗಳಲ್ಲಿವೆ. ಗಾಜಿನ ಫಲಕ, ಮೂರು ಕಾಲಿನ ಮೇಲಿನ ಭಾರವಾದ ಕ್ಯಾಮೆರಾ, ಎಲ್ಲವನ್ನೂ ಹೊತ್ತು ತಿರುಗಬೇಕಾದ ಕಾಲವದು. 1914ರಲ್ಲಿ ಸಂಸ್ಥಾನವು ಪುರಾತತ್ವ ಇಲಾಖೆಯನ್ನು ತೆರೆದು ಗುಲಾಂ ಯಝ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ಅಜಂತಾದ ಬೌದ್ಧ ಚಿತ್ರಗಳಿಗೂ ಬೀದರಿನ ಮದರಸಾಕ್ಕೂ ಅವರು ಒಂದೇ ನಿಷ್ಠೆಯಿಂದ ದುಡಿದರು. ಬೀದರಿನ ಬಗ್ಗೆ ಅವರು ಬರೆದ ಬೃಹತ್ ಗ್ರಂಥವು 1947ರಲ್ಲಿ ಪ್ರಕಟವಾಯಿತು. ಅದರ ನಕ್ಷೆ ಮತ್ತು ಚಿತ್ರಫಲಕಗಳಿಗೆ ಸಾಟಿಯಾದುದು ನಮ್ಮ ಭಾಗಕ್ಕೆ ಇನ್ನೂ ದೊರೆತಿಲ್ಲ ಎಂಬುದು ನನ್ನ ಅಭಿಪ್ರಾಯ. ಉರ್ದು, ಫಾರ್ಸಿ, ಇಂಗ್ಲಿಷ್‌ಗಳಲ್ಲಿ ಹರಡಿರುವ ಈ ಸಾಮಗ್ರಿ ಕನ್ನಡಕ್ಕೆ ಬಂದುದು ಅತ್ಯಲ್ಪ. ಈ ಕೊರತೆಗೆ ಕನ್ನಡ ಓದಿದ ನಾವೇ ಹೊಣೆಗಾರರು.

ಚಿತ್ರ ತೆಗೆಯುವುದರ ಕುರಿತು ನಮ್ಮ ಹಿರಿಯರಲ್ಲಿ ಹಿಂಜರಿಕೆಯಿತ್ತು, ಕೆಲವರಲ್ಲಿ ಈಗಲೂ ಇದೆ. ಉಲಮಾಗಳ ಚರ್ಚೆ ಜೀವಿಗಳ ಚಿತ್ರಗಳನ್ನು ಕುರಿತದ್ದು. ಕಟ್ಟಡ, ಮರ, ಬೆಟ್ಟಗಳ ಚಿತ್ರವು ಅದರ ವ್ಯಾಪ್ತಿಗೆ ಬರುವುದಿಲ್ಲ. ಮದೀನಾದ ಮೊದಲ ಛಾಯಾಚಿತ್ರಗಳನ್ನು 1861ರಲ್ಲಿ, ಮಕ್ಕಾದ ಮೊದಲ ಛಾಯಾಚಿತ್ರಗಳನ್ನು 1880ರಲ್ಲಿ ತೆಗೆದವನು ಈಜಿಪ್ಟ್ ಸೇನೆಯ ಇಂಜಿನಿಯರ್ ಮುಹಮ್ಮದ್ ಸಾದಿಕ್ ಬೇ ಎಂಬ ಮುಸ್ಲಿಮನೇ. ಹಾದಿಗಳ ಅಳತೆ ಮಾಡಿ ನಕ್ಷೆ ಬರೆಯುವುದು ಅವನ ವೃತ್ತಿ. ಹರಮ್‌ಗಳ ಸುತ್ತಲಿನ ಹಳೆಯ ಮನೆಗಳು ಈಗಿಲ್ಲ. ಅವುಗಳನ್ನು ಕಾಣಬೇಕಾದರೆ ಅವನ ಚಿತ್ರಗಳ ಬಳಿಗೇ ಹೋಗಬೇಕು.

ಹಂಪಿಯಲ್ಲಿ ನಡೆದ ಕೆಲಸ ಇನ್ನೊಂದು ಬಗೆಯದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರ ತೆಗೆದಿದ್ದನು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ, ಅದೇ ಕೋನದಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದುದೆಷ್ಟು, ಉಳಿದುದೆಷ್ಟು ಎಂಬುದಕ್ಕೆ ವಾದ ಬೇಡ. ಇದಕ್ಕೆ ಬೇಕಾಗುವುದು ಹಳೆಯದೊಂದು ಚಿತ್ರ, ಸರಿಯಾದ ಜಾಗ ಹುಡುಕುವ ತಾಳ್ಮೆ. ಕೈಯಲ್ಲಿ ಫೋನಿರುವ ಚಿತ್ತಾಪುರದ ಅಥವಾ ಚಿಂಚೋಳಿಯ ಪದವಿ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ಹಳೆಯ ಚಿತ್ರಗಳು ನಮ್ಮ ಮನೆಗಳಲ್ಲಿ ಕಡಿಮೆಯಾಗಿರುವುದಕ್ಕೆ ಬಡತನವೊಂದೇ ಕಾರಣವಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಕಾಲದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದೆಂದು ಸುಂದರ್‌ಲಾಲ್ ಸಮಿತಿಯ ವರದಿ ಹೇಳುತ್ತದೆ. ಪ್ರಾಣ ಉಳಿಸಿಕೊಂಡು ಮನೆ ಬಿಟ್ಟವರು ಸನದು, ಇನಾಮು ಪತ್ರ, ಫೋಟೋಗಳನ್ನು ಹೊತ್ತು ಹೋಗಲಾರರು. ಉಳಿದುದರಲ್ಲಿಯೂ ಎಷ್ಟೋ ಗೆದ್ದಲಿನ ಪಾಲಾಗಿದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಏನಾದರೂ ಇದ್ದರೆ, ಅಜ್ಜಿ ಇರುವಾಗಲೇ ಅವರಿಗೆ ತೋರಿಸಿ, ಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಊರು, ಬೀದಿ, ಅಂದಾಜು ವರ್ಷವನ್ನು ಬರೆಯಿರಿ. ಬಾಲ್ ಪೆನ್ ಬೇಡ, ಅದರ ಗುರುತು ಮುಂಬದಿಗೆ ಮೂಡುತ್ತದೆ.

ಮಸೀದಿ ಮತ್ತು ಖಬರಸ್ತಾನಗಳ ವಿಷಯ ಇದಕ್ಕಿಂತ ಗಂಭೀರ. ವಕ್ಫ್ ಆಸ್ತಿಗಳ ವಿವರವನ್ನು ಉಮೀದ್ ಪೋರ್ಟಲಿನಲ್ಲಿ ದಾಖಲಿಸಬೇಕೆಂಬ ವ್ಯವಸ್ಥೆ 2025ರ ಜೂನ್‌ನಲ್ಲಿ ಬಂದಿದೆ. ಚಕ್ಕುಬಂದಿ ತಿಳಿಯದ ಜಾಗದ ಪರವಾಗಿ ಮಾತನಾಡುವುದು ಕಷ್ಟ. ಸಾಲದ ವ್ಯವಹಾರವನ್ನು ಬರೆದಿಡಿರಿ ಎಂದು ಆಜ್ಞಾಪಿಸುವ ಸೂಕ್ತಿಯು (2:282) ಕುರ್‌ಆನಿನಲ್ಲಿಯೇ ಅತ್ಯಂತ ದೀರ್ಘವಾದುದು. ಸಾಕ್ಷಿಗಳೊಡನೆ ಬರೆದಿಡುವ ಶಿಸ್ತನ್ನು ಕಲಿಸಿದ ಗ್ರಂಥವನ್ನು ಓದುವವರು ತಮ್ಮ ಮಸೀದಿಯ ಉದ್ದಗಲವನ್ನು ಟೇಪು ಹಿಡಿದು ಅಳೆದು, ನಾಲ್ಕು ದಿಕ್ಕಿನ ಚಿತ್ರ ತೆಗೆದು, ಒಂದು ಪ್ರತಿಯನ್ನು ಮುತವಲ್ಲಿಯವರ ಬಳಿ, ಇನ್ನೊಂದನ್ನು ಬೇರೆಡೆ ಇರಿಸುವುದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಫಿರೋಝಾಬಾದಿಗೆ ಹೋಗುವ ಮನಸ್ಸುಳ್ಳವರು ಮಳೆಗಾಲ ಮುಗಿದು ಕಂಟಿ ಒಣಗಿದ ಮೇಲೆ ಹೋಗುವುದು ಒಳ್ಳೆಯದು. ಅಲ್ಲಿಯೇ ಹಝ್ರತ್ ಖಲೀಫತುರ್ರಹ್ಮಾನರ ದರ್ಗಾ ಇದೆ. ಹಮಾಮಿನೊಳಗೆ ಹೋದಾಗ ತಲೆಯೆತ್ತಿ ಛಾವಣಿಯನ್ನು ನೋಡಿ. ಚಿತ್ರ ತೆಗೆಯುವಾಗ ಚೌಕಟ್ಟಿನೊಳಗೆ ಒಬ್ಬರನ್ನು ನಿಲ್ಲಿಸಲು ಮನಸ್ಸೊಪ್ಪದಿದ್ದರೆ ಒಂದು ಅಳತೆಗೋಲನ್ನಾದರೂ ಇಡಿ. ಕಮಾನಿನ ಎತ್ತರ ಮುಂದೆ ನೋಡುವವರಿಗೆ ತಿಳಿಯಬೇಕಲ್ಲ.