ನಾಯಿಗೆ ಹಾಕಿಸಿದ ರೇಬಿಸ್ ಲಸಿಕೆ ಕೆಲಸ ಮಾಡಿದೆಯೇ? ತಿಳಿಯುವುದು ಹೀಗೆ

ಪುಣೆ ಕ್ಯಾಂಪ್‌ನಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ನಾಯಿ ಸಾಕಿದವರ ಮನೆಯಲ್ಲಿ ಒಂದು ಲಸಿಕೆ ಕಾರ್ಡ್ ಇರುತ್ತದೆ. ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ದಿನಾಂಕ, ವೈದ್ಯರ ಸಹಿ. ಲಸಿಕೆ ಹಾಕಿಸಿದ್ದಕ್ಕೆ ಅದು ದಾಖಲೆ. ಆದರೆ ನಾಯಿಯ ದೇಹದಲ್ಲಿ ರೇಬಿಸ್ ತಡೆಯುವ ಶಕ್ತಿ ಬಂದಿದೆಯೇ ಎಂಬುದನ್ನು ಆ ಕಾರ್ಡ್ ಹೇಳುವುದಿಲ್ಲ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ಶೇ.99ರಷ್ಟು ನಾಯಿಗಳಿಂದಲೇ ಬರುವುದರಿಂದ ಈ ಪ್ರಶ್ನೆ ಸಣ್ಣದಲ್ಲ.

ಮೊದಲು ಬಾಟಲಿಗೆ ಪರೀಕ್ಷೆ

ಲಸಿಕೆ ಮಾರುಕಟ್ಟೆಗೆ ಬರುವ ಮುನ್ನ ಅದರ ಸಾಮರ್ಥ್ಯ ಅಳೆಯುತ್ತಾರೆ. ಹಳೆಯ ವಿಧಾನಕ್ಕೆ ಎನ್‌ಐಎಚ್ ಪರೀಕ್ಷೆ ಎಂದು ಹೆಸರು. ಇಲಿಗಳಿಗೆ ವಾರದ ಅಂತರದಲ್ಲಿ ಎರಡು ಬಾರಿ ಲಸಿಕೆ ಕೊಟ್ಟು, ಮೊದಲ ಡೋಸ್ ಆದ 14ನೇ ದಿನ ಮಿದುಳಿಗೇ ರೇಬಿಸ್ ವೈರಸ್ ಚುಚ್ಚುತ್ತಾರೆ. ಎಷ್ಟು ಇಲಿ ಉಳಿದವು ಎಂಬುದನ್ನು ಪ್ರಮಾಣಿತ ಲಸಿಕೆಯ ಫಲಿತಾಂಶದೊಂದಿಗೆ ಹೋಲಿಸುತ್ತಾರೆ. ಪ್ರಾಣಿಗಳ ಲಸಿಕೆಯ ಒಂದು ಡೋಸ್‌ನಲ್ಲಿ ಕನಿಷ್ಠ 1 ಅಂತಾರಾಷ್ಟ್ರೀಯ ಯೂನಿಟ್ (ಐಯು) ಇರಬೇಕು. ಮನುಷ್ಯರ ಲಸಿಕೆಗೆ ಇದು 2.5. ಈ ಪರೀಕ್ಷೆಗೆ ಸುಮಾರು ಒಂದು ತಿಂಗಳು ಬೇಕು, ಇಲಿಗಳಿಗೆ ಕ್ರೂರ ಕೂಡ. ಹೀಗಾಗಿ ಇಲಿಯ ರಕ್ತದಲ್ಲಿ ಪ್ರತಿಕಾಯ ಅಳೆಯುವ ವಿಧಾನವನ್ನು ಯುರೋಪ್ ಒಪ್ಪಿಕೊಂಡಿದೆ.

ನಂತರ ನಾಯಿಯ ರಕ್ತಕ್ಕೆ

ಬಾಟಲಿ ಪಾಸಾದರೂ ನಾಯಿಯ ದೇಹ ಸ್ಪಂದಿಸಬೇಕಲ್ಲ? ಅದನ್ನು ನೋಡುವ ಪ್ರಮುಖ ಪರೀಕ್ಷೆ ಆರ್‌ಎಫ್‌ಎಫ್‌ಐಟಿ. ಅಮೆರಿಕದ ವಿಜ್ಞಾನಿಗಳು ಇದನ್ನು 1973ರಲ್ಲಿ ಪ್ರಕಟಿಸಿದರು. ನಾಯಿಯ ರಕ್ತದ ಸೀರಂ ಅನ್ನು ಹಂತ ಹಂತವಾಗಿ ತೆಳುವಾಗಿಸಿ, ನಿಗದಿತ ಪ್ರಮಾಣದ ಜೀವಂತ ವೈರಸ್ ಜತೆ ಬೆರೆಸಿ, ಜೀವಕೋಶಗಳ ಮೇಲೆ ಬಿಡುತ್ತಾರೆ. ಒಂದು ದಿನದ ಬಳಿಕ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ವೈರಸ್ ಹೊಕ್ಕ ಕೋಶಗಳು ಹಸಿರಾಗಿ ಮಿನುಗುತ್ತವೆ. ಮಿನುಗು ಕಡಿಮೆ ಇದ್ದಷ್ಟೂ ರಕ್ತದಲ್ಲಿ ಪ್ರತಿಕಾಯ ಹೆಚ್ಚು.

ಜೀವಂತ ವೈರಸ್ ಬಳಸುವುದರಿಂದ ಇದನ್ನು ಮೂಲೆಮೂಲೆಯ ಲ್ಯಾಬ್‌ಗಳಲ್ಲಿ ಮಾಡಲಾಗದು. ಈ ವಿಷಯದಲ್ಲಿ ಬೆಂಗಳೂರು ಅದೃಷ್ಟವಂತ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬಿಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ರೆಫರೆನ್ಸ್ ಲ್ಯಾಬ್ ಎಂಬ ಮಾನ್ಯತೆಯಿದೆ. ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗ ರೇಬಿಸ್‌ಗೆ ಸಂಬಂಧಿಸಿದಂತೆ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ.

0.5 ಎಂದರೇನು?

ಒಂದು ಮಿಲಿ ಲೀಟರ್ ಸೀರಂನಲ್ಲಿ 0.5 ಐಯು ಪ್ರತಿಕಾಯ ಇದ್ದರೆ ದೇಹ ಲಸಿಕೆಗೆ ಸ್ಪಂದಿಸಿದೆ ಎಂದರ್ಥ. ಭಾರತದಿಂದ ನಾಯಿಯನ್ನು ಯುರೋಪಿಗೆ ಕರೆದೊಯ್ಯಲು ಈ ವರದಿ ಕಡ್ಡಾಯ. ಲಸಿಕೆ ಹಾಕಿಸಿ ಕನಿಷ್ಠ 30 ದಿನದ ಬಳಿಕ ರಕ್ತ ಕೊಟ್ಟು, ಮತ್ತೆ ಮೂರು ತಿಂಗಳು ಕಾಯಬೇಕು. ಹಾಗಂತ 0.5ಕ್ಕಿಂತ ಕಡಿಮೆ ಬಂದರೆ ನಾಯಿಗೆ ರಕ್ಷಣೆಯೇ ಇಲ್ಲ ಎನ್ನಲಾಗದು. ಪ್ರತಿಕಾಯ ಇಳಿದರೂ ದೇಹದ ನೆನಪು ಉಳಿದಿರುತ್ತದೆ. ಮರಿಗಳಲ್ಲಿ ಮೊದಲ ಡೋಸ್ ನಂತರ ಪ್ರಮಾಣ ಬೇಗ ಇಳಿಯುವುದುಂಟು. ತಾಯಿಯಿಂದ ಬಂದ ಪ್ರತಿಕಾಯವೂ ಲಸಿಕೆಗೆ ಅಡ್ಡ ಬರಬಹುದು. ಮೂರು ತಿಂಗಳಿಗೆ ಮೊದಲ ಲಸಿಕೆ ಕೊಟ್ಟು ಬೂಸ್ಟರ್ ತಪ್ಪಿಸಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿದ್ದರೇ ಎಂದು ಕೇಳುವುದರಲ್ಲೂ ತಪ್ಪಿಲ್ಲ.

ಬೀದಿ ನಾಯಿಗಳ ವಿಷಯದಲ್ಲಿ ಪ್ರತಿಯೊಂದರ ರಕ್ತ ತೆಗೆಯುವುದು ಆಗದ ಮಾತು. ಅಲ್ಲಿ ನೋಡುವುದು ಶೇ.70ರಷ್ಟು ನಾಯಿಗಳಿಗೆ ಲಸಿಕೆ ತಲುಪಿತೇ, ರೋಗ ಇಳಿಯಿತೇ ಎಂಬುದನ್ನು. ನೆರೆಯ ಗೋವಾದಲ್ಲಿ ಸಾಮೂಹಿಕ ಲಸಿಕೆ ಅಭಿಯಾನದ ನಂತರ ನಾಯಿಗಳ ತಿಂಗಳವಾರು ರೇಬಿಸ್ ಪ್ರಕರಣ ಶೇ.92ರಷ್ಟು ಇಳಿದದ್ದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ.

ಕಚ್ಚಿದರೆ?

ನಾಯಿಗೆ ಲಸಿಕೆ ಆಗಿದೆ ಎಂದು ಸುಮ್ಮನಿರಬೇಡಿ. ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಶುರು ಮಾಡಿ. ಇತ್ತ ನಾಯಿಯ ಮೇಲೆ 10 ದಿನ ಕಣ್ಣಿಡಿ. ಅಷ್ಟೂ ದಿನ ಅದು ಆರೋಗ್ಯವಾಗಿದ್ದರೆ, ಉಳಿದ ಡೋಸ್‌ಗಳು ಬೇಕೇ ಎಂಬುದನ್ನು ವೈದ್ಯರೇ ಹೇಳುತ್ತಾರೆ.