ಗುಂಡಿಗೆ ಬಿದ್ದವರದ್ದೇ ತಪ್ಪಾ? ರಸ್ತೆ ಸುರಕ್ಷತೆ ಬಗ್ಗೆ ನಾವು ನಂಬಿರುವ ಕೆಲವು ಸುಳ್ಳುಗಳು

2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಇಷ್ಟು ಜನ ಯಾವುದೋ ಜ್ವರಕ್ಕೆ ಬಲಿಯಾಗಿದ್ದರೆ ಸರ್ಕಾರಗಳು ಉತ್ತರ ಕೊಡಬೇಕಾಗುತ್ತಿತ್ತು. ರಸ್ತೆ ಸಾವಿಗೆ ಮಾತ್ರ ನಮ್ಮಲ್ಲಿ ಎರಡೇ ವಿವರಣೆ: ಒಂದೋ "ಹಣೆಬರಹ", ಇಲ್ಲಾ "ಸ್ಪೀಡಾಗಿ ಹೋಗ್ತಿದ್ದ ಅನ್ಸುತ್ತೆ". ಅತಿವೇಗ ಸುಳ್ಳು ಕಾರಣವೇನಲ್ಲ. ಅದೇ ವರದಿ ಹತ್ತರಲ್ಲಿ ಏಳು ಸಾವುಗಳನ್ನು ಅದರ ಲೆಕ್ಕಕ್ಕೇ ಬರೆದಿದೆ. ಆದರೆ ಅಲ್ಲಿಗೇ ಮಾತು ಮುಗಿಸಿಬಿಟ್ಟರೆ ಹೊಣೆ ಹೊರಬೇಕಾದ ಬೇರೆಯವರೆಲ್ಲ ಆರಾಮಾಗಿ ಮನೆಗೆ ಹೋಗ್ತಾರೆ. ಕಾಲೇಜು ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ನನ್ನ ಕಿವಿಗೆ ಪದೇಪದೇ ಬೀಳುವ ಕೆಲವು ನಂಬಿಕೆಗಳನ್ನು ಇಲ್ಲಿ ಕಾನೂನಿನ ಪಕ್ಕ ಇಟ್ಟು ನೋಡಿದ್ದೇನೆ.

"ಆಸ್ಪತ್ರೆಗೆ ಸೇರಿಸಿದ್ರೆ ಕೇಸು ನಮ್ಮ ತಲೆಗೇ ಬರುತ್ತೆ"

ಜನರನ್ನು ಕೊಲ್ಲುತ್ತಿರುವ ನಂಬಿಕೆ ಇದು. ಬಿದ್ದವರ ಸುತ್ತ ಐವತ್ತು ಜನ ನಿಂತು ವಿಡಿಯೋ ಮಾಡ್ತಾರೆ, ಆಟೋಗೆ ಎತ್ತಿ ಹಾಕೋಕೆ ಒಬ್ಬರೂ ಬರಲ್ಲ ಅಂತ ಬೈಯುತ್ತೇವಲ್ಲ, ಅದರ ಹಿಂದೆ ಕಲ್ಲು ಮನಸ್ಸಿಗಿಂತ ಪೊಲೀಸ್ ಸ್ಟೇಷನ್ ಅಲೆದಾಟದ ಭಯ ಹೆಚ್ಚು. ಆ ಭಯ ಹುಟ್ಟಿದ್ದು ಅನುಭವದಿಂದಲೇ. ಆದರೆ ಕಾನೂನು ಈಗ ಬದಲಾಗಿದೆ. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಸೆಕ್ಷನ್ ಸೇರಿತು.

ಇದರರ್ಥ ಏನಪ್ಪಾ ಅಂದ್ರೆ, ಒಳ್ಳೆ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ, ಆಮೇಲೆ ಆ ವ್ಯಕ್ತಿ ಸತ್ತರೂ, ಸಿವಿಲ್ ಅಥವಾ ಕ್ರಿಮಿನಲ್ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಕೊಡಿ ಅಂತ ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳುವುದು ನಿಮ್ಮ ಇಷ್ಟ. ಈ ಹಕ್ಕುಗಳ ಪಟ್ಟಿಯನ್ನು ಆಸ್ಪತ್ರೆಗಳು ಸ್ಥಳೀಯ ಭಾಷೆಯಲ್ಲೂ ಬಾಗಿಲ ಬಳಿ ಹಾಕಿರಬೇಕು. ನಿಮ್ಮೂರಿನ ಆಸ್ಪತ್ರೆಯಲ್ಲಿ ಆ ಬೋರ್ಡು ಕನ್ನಡದಲ್ಲಿ ಇದೆಯಾ, ಹೋಗಿ ನೋಡಿ. ನಾನು ನೋಡಿದ ಕಡೆ ಬಿಲ್ ಕೌಂಟರ್ ಬೋರ್ಡು ಮಾತ್ರ ಎದ್ದು ಕಾಣ್ತಿತ್ತು.

"ಪೊಲೀಸರು ಬರೋವರೆಗೂ ಮುಟ್ಟಲ್ಲ" ಅಂತ ಆಸ್ಪತ್ರೆಯವರು ಹೇಳೋದೂ ತಪ್ಪೇ. ಮೊದಲು ಜೀವ, ಕಾಗದಪತ್ರ ಆಮೇಲೆ ಅಂತ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1989ರಲ್ಲಿ. ಸರ್ಕಾರಿ, ಖಾಸಗಿ ಅನ್ನೋ ಭೇದ ಅದರಲ್ಲಿಲ್ಲ. ದುಡ್ಡಿನ ಚಿಂತೆಗೂ ಒಂದು ದಾರಿ ಇದೆ: 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ, ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಸಿಗಬೇಕು.

"ಇಲ್ಲೇ ಹತ್ರ ತಾನೇ, ಹೆಲ್ಮೆಟ್ ಯಾಕೆ?"

ಸೆಕ್ಷನ್ 129ಕ್ಕೆ ದೂರದ ಲೆಕ್ಕ ಇಲ್ಲ. 4 ವರ್ಷ ದಾಟಿದ ಎಲ್ಲರಿಗೂ, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಕೂಡ ಹಾಗೇ. ಸೈರಸ್ ಮಿಸ್ತ್ರಿ 2022ರಲ್ಲಿ ಸತ್ತಾಗ ಮಾತ್ರ ಅದು ಸುದ್ದಿಯಾಯ್ತು. ಇನ್ನೊಂದು ಮಾತು: ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರೋದು 2021ರ ಜೂನ್‌ನಿಂದ ನಿಷಿದ್ಧ. ಆದರೂ ಫುಟ್‌ಪಾತ್ ಮೇಲೆ ಹಾಫ್ ಹೆಲ್ಮೆಟ್ ರಾಶಿ ಬಿದ್ದಿರುತ್ತೆ. ಮಾರುವವರು, ತಯಾರಿಸುವವರು ನಿಶ್ಚಿಂತೆ. ಸಿಗ್ನಲ್‌ನಲ್ಲಿ ದಂಡ ಕಟ್ಟೋದು ಸವಾರ.

"ಗುಂಡಿ ನೋಡ್ಕೊಂಡು ಹೋಗ್ಬೇಕಿತ್ತು"

ಗುಂಡಿಗೆ ಸಿಕ್ಕ ಬೈಕ್‌ನ ಹಿಂಬದಿ ಸವಾರ ಸತ್ತರೆ, ಬೈಕ್ ಓಡಿಸುತ್ತಿದ್ದ ಗಂಡನ ಮೇಲೋ ಅಣ್ಣನ ಮೇಲೋ ನಿರ್ಲಕ್ಷ್ಯದ ಕೇಸು ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಲ್ಲಿ ಇದಕ್ಕೆ 5 ವರ್ಷದವರೆಗೆ ಜೈಲು. ಗುಂಡಿ ಬಿಟ್ಟವರ ಹೆಸರು ಎಫ್ಐಆರ್‌ನಲ್ಲಿ ಕಾಣೋದು ಅಪರೂಪ.

ಅವರನ್ನು ಹಿಡಿಯಲು ಕಾನೂನೇ ಇಲ್ಲ ಅಂದ್ಕೊಂಡಿದ್ದರೆ, ಇದೆ. 2019ರ ತಿದ್ದುಪಡಿಯಲ್ಲಿ ಬಂದ 198ಎ ಸೆಕ್ಷನ್ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ನಿಗದಿತ ಮಾನದಂಡದಂತೆ ಇಲ್ಲದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಎಲ್ಲರೂ ಹೊಣೆ. ಶಿಕ್ಷೆ? 1 ಲಕ್ಷ ರೂಪಾಯಿವರೆಗೆ ದಂಡ, ಅಷ್ಟೇ. ಅದೇ ತಿದ್ದುಪಡಿಯಲ್ಲಿ ಬಂದ 199ಎ ಓದಿ: 18 ತುಂಬದ ಮಗ ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಪೋಷಕರಿಗೆ ಶಿಕ್ಷೆ ಬೇಡ ಅಂತಲ್ಲ. ಆದರೆ ಮಗನಿಗೆ ಕೀ ಕೊಟ್ಟ ಅಪ್ಪನಿಗೆ ಜೈಲು, ಕೋಟಿಗಟ್ಟಲೆ ಬಿಲ್ ಮಾಡಿ ಮೊದಲ ಮಳೆಗೇ ಕಿತ್ತುಹೋಗುವ ರಸ್ತೆ ಹಾಕಿದವರಿಗೆ ಬರೀ ದಂಡ ಅನ್ನೋದು ಯಾವ ನ್ಯಾಯ? ಇದು ಸಂಸತ್ತು ಯೋಚಿಸಿ ಮಾಡಿದ ಆಯ್ಕೆ, ಹಾಗಾಗಿ ನಿಮ್ಮ ಸಂಸದರನ್ನು ಕೇಳಬಹುದಾದ ಪ್ರಶ್ನೆ. ಗುಂಡಿಯಿಂದ ಗಾಯಗೊಂಡವರಿಗೆ ಪರಿಹಾರ ಕೇಳುವ ಹಕ್ಕಿದೆ ಅಂತ ಕರ್ನಾಟಕ ಹೈಕೋರ್ಟ್ ಕೂಡ 2019ರಲ್ಲಿ ಬಿಬಿಎಂಪಿಗೆ ಹೇಳಿತ್ತು.

ಹೊಡೆದ ಗಾಡಿ ಸಿಗದೇ ಹೋದರೆ ಏನೂ ಸಿಗಲ್ಲ ಅನ್ನೋದೂ ಸುಳ್ಳೇ. ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಮೊದಲು ಸಾವಿಗೆ ಸಿಗುತ್ತಿದ್ದದ್ದು 25,000.

198ಎ ಬಳಸಬೇಕು ಅನ್ನುವವರಿಗೆ ಒಂದು ಮುಖ್ಯ ವಿಷಯ. ಆ ಸೆಕ್ಷನ್ ಅಡಿ ತೀರ್ಮಾನ ಮಾಡುವಾಗ ಕೋರ್ಟು ನೋಡುವ ಅಂಶಗಳಲ್ಲಿ ಎರಡು ಇವು: ರಸ್ತೆ ಹಾಳಾಗಿದ್ದು ಅಧಿಕಾರಿಗಳಿಗೆ ಗೊತ್ತಿತ್ತಾ ಅಥವಾ ಗೊತ್ತಿರಬೇಕಿತ್ತಾ, ಮತ್ತು ದುರಸ್ತಿ ಆಗುವವರೆಗೆ ಎಚ್ಚರಿಕೆ ಫಲಕ ಹಾಕಿದ್ದರಾ. "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಉತ್ತರ ಬರುವುದು ಇಲ್ಲಿಯೇ. ನಿಮ್ಮ ಬೀದಿಯ ಗುಂಡಿಯ ಬಗ್ಗೆ ನಗರಸಭೆಗೋ ಪಂಚಾಯಿತಿಗೋ ಫೋಟೋ, ತಾರೀಖಿನ ಸಮೇತ ಬರಹದಲ್ಲಿ ದೂರು ಕೊಟ್ಟು, ಸ್ವೀಕೃತಿ ಪತ್ರವನ್ನು ಎತ್ತಿಟ್ಟುಕೊಳ್ಳಿ. ಆ ರಸ್ತೆಯ ಗುತ್ತಿಗೆದಾರ ಯಾರು, ದೋಷ ಸರಿಪಡಿಸುವ ಹೊಣೆ ಅವರ ಮೇಲೆ ಎಲ್ಲಿಯವರೆಗೆ ಇದೆ ಅನ್ನೋದನ್ನು 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಬಹುದು.